99 ಸಾವಿರ ರೂಪಾಯಿ, ಆಮೇಲೆ ನಾಲ್ಕು ವರ್ಷ: ಹೊಸನಗರದ ಒಬ್ಬ ಶಿಕ್ಷಕಿಯ ಪ್ರಕರಣ

ಈ ಶಿಕ್ಷಕಿ ಈಗ ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಆರರಿಂದ ಎಂಟನೇ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುತ್ತಾರೆ. ಹೆಸರು, ಊರು ಬೇಡ ಎಂದು ಅವರೇ ಹೇಳಿದ್ದಾರೆ. ಚಿಕ್ಕವಳಿದ್ದಾಗಿನಿಂದ ನೋಡಿದ ಹುಡುಗಿ, ಹಾಗಾಗಿ ಇಲ್ಲಿ ಅವಳು ಎಂದೇ ಬರೆಯುತ್ತೇನೆ.

ಒಂಬತ್ತನೇ ತರಗತಿಯಿಂದ ಬಿ.ಎಡ್ ಮುಗಿಯುವವರೆಗೆ ಒಂಬತ್ತು ವರ್ಷ. ಅಷ್ಟೂ ವರ್ಷ ಸೇರಿ ಅವಳ ಖಾತೆಗೆ ಬಂದ ಸ್ಕಾಲರ್‌ಶಿಪ್ 99 ಸಾವಿರ ರೂಪಾಯಿ. ಶುಲ್ಕ ವಿನಾಯಿತಿ ಬೇರೆ. ಅವಳ ಈಗಿನ ಎರಡು-ಮೂರು ತಿಂಗಳ ಸಂಬಳ ಕೂಡಿಸಿದರೆ ಅಷ್ಟಾಗುತ್ತದೆ. ಇಷ್ಟು ಕಡಿಮೆ ಹಣದಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ. ಸ್ಕಾಲರ್‌ಶಿಪ್‌ ಎಂದರೆ ಎಲ್ಲರೂ ಮೊತ್ತದ ಬಗ್ಗೆಯೇ ಮಾತಾಡುತ್ತಾರೆ. ಈ ಮನೆಯಲ್ಲಿ ಮೊತ್ತಕ್ಕಿಂತ ಅದು ಯಾವ ತಿಂಗಳು ಬಂತು ಎನ್ನುವುದೇ ದೊಡ್ಡ ವಿಷಯವಾಗಿತ್ತು.

ಮನೆ ಮತ್ತು ದುಡ್ಡು ಬರುವ ಕಾಲ

ಮನೆ ಇರುವುದು ಹೊಸನಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ಅಂಚಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದವಲ್ಲ, ಅದರಲ್ಲಿ ಅವಳ ಅಜ್ಜನ ಊರೂ ಸೇರಿತ್ತು. ಅಜ್ಜ ಗೇಣಿ ಮಾಡುತ್ತಿದ್ದವರು. ಸ್ವಂತ ಜಮೀನಿಲ್ಲದ ಕಾರಣ ಕೈಗೆ ಬಂದದ್ದು ಅಷ್ಟಕ್ಕಷ್ಟೆ. ಗುಡ್ಡ ಹತ್ತಿ ಕಾಡಂಚಿನಲ್ಲಿ ಮನೆ ಕಟ್ಟಿಕೊಂಡರು. ಪಕ್ಕದಲ್ಲೇ ಒಂದಿಷ್ಟು ಜಾಗ ಹಸನು ಮಾಡಿದರು. ಆ ಜಾಗ ಇವತ್ತಿಗೂ ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ನೆಲ. ಪಹಣಿಯಲ್ಲಿ ಹೆಸರಿಲ್ಲ. ಈ ಪಹಣಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಅಪ್ಪ ಕೊನೆಗಾರ. ಸುಗ್ಗಿಯಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಾರೆ. ಮಳೆಗಾಲದಲ್ಲಿ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅಮ್ಮ ಅಕ್ಟೋಬರ್ ಬಂತೆಂದರೆ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುತ್ತಾರೆ. ಅಂದರೆ ಈ ಮನೆಯಲ್ಲಿ ದುಡ್ಡು ಓಡಾಡುವುದು ಅಕ್ಟೋಬರ್‌ನಿಂದ ಜನವರಿವರೆಗೆ. ಮಳೆಗಾಲದಲ್ಲಿ ಔಷಧಿ ಹೊಡೆಯುವ ಕೂಲಿ ಇದೆ ನಿಜ, ಆದರೆ ಮಳೆ ಹೊಳವು ಕೊಟ್ಟರೆ ಮಾತ್ರ. ಹೊಸನಗರದ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ.

ಕಾಲೇಜುಗಳು ಶುಲ್ಕ ಕೇಳುವುದು ಜೂನ್-ಜುಲೈನಲ್ಲಿ. ಮನೆ ಪೂರ್ತಿ ಖಾಲಿ ಇರುವ ಕಾಲ ಅದು. ಬಡತನ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಈ ಮನೆಗೆ ವರ್ಷದ ಲೆಕ್ಕದಲ್ಲಿ ಕಾಲೇಜು ಶುಲ್ಕ ಕಟ್ಟಲಾಗದ ಸ್ಥಿತಿ ಇರಲಿಲ್ಲ. ಜುಲೈನಲ್ಲಿ ಕಟ್ಟಲು ಆಗುತ್ತಿರಲಿಲ್ಲ, ಅಷ್ಟೆ.

ಎಂಟನೇ ತರಗತಿಯ ಪರೀಕ್ಷೆ

ಮೊದಲ ಸ್ಕಾಲರ್‌ಶಿಪ್ ಎನ್‌ಎಂಎಂಎಸ್, ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್. ಕೇಂದ್ರ ಸರ್ಕಾರ ಇದನ್ನು ಶುರು ಮಾಡಿದ್ದು 2008ರಲ್ಲಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುವ, ಆದಾಯ ಕಡಿಮೆ ಇರುವ ಮನೆಯ ಮಕ್ಕಳು ಪರೀಕ್ಷೆ ಬರೆಯಬಹುದು. ಬೌದ್ಧಿಕ ಸಾಮರ್ಥ್ಯದ್ದು ಒಂದು ಪತ್ರಿಕೆ, ಪಾಠದ ವಿಷಯಗಳದ್ದು ಇನ್ನೊಂದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ನಾಲ್ಕು ವರ್ಷ ಹಣ ಬರುತ್ತದೆ. ಈಗ ವರ್ಷಕ್ಕೆ 12 ಸಾವಿರ. ಅವಳ ಕಾಲದಲ್ಲಿ 6 ಸಾವಿರ ಇತ್ತು, 2017ರಲ್ಲಿ ಏರಿಸಿದರು.

ಅವಳು ಎಂಟನೇ ತರಗತಿಯಲ್ಲಿದ್ದದ್ದು 2009-10ರಲ್ಲಿ. ಯೋಜನೆ ಹೊಸದು, ಎಷ್ಟೋ ಶಾಲೆಗಳಿಗೆ ಗೊತ್ತೇ ಇರಲಿಲ್ಲ. ಅವಳ ಶಾಲೆಯ ಗಣಿತ ಮೇಷ್ಟ್ರಿಗೆ ಗೊತ್ತಿತ್ತು. ಶನಿವಾರ ಅರ್ಧ ದಿನ ಶಾಲೆ ಬಿಟ್ಟ ಮೇಲೆ ಕೆಲವು ಮಕ್ಕಳನ್ನು ಕೂರಿಸಿಕೊಂಡು ಬೌದ್ಧಿಕ ಸಾಮರ್ಥ್ಯದ ಲೆಕ್ಕ ಬಿಡಿಸುತ್ತಿದ್ದರು. ಹಳ್ಳಿ ಮಕ್ಕಳಿಗೆ ಆ ಪತ್ರಿಕೆ ಕಷ್ಟ ಯಾಕೆಂದರೆ ಅಂಥ ಪ್ರಶ್ನೆ ಪಾಠಪುಸ್ತಕದಲ್ಲಿ ಇರುವುದಿಲ್ಲ. ಯಾರಾದರೂ ಒಮ್ಮೆ ತೋರಿಸಿದರೆ ಮಾಡುತ್ತಾರೆ. ತೋರಿಸುವವರು ಬೇಕು, ಅಲ್ವಾ?

ಅವಳ ದೊಡ್ಡಮ್ಮನ ಮಗಳು ಪಕ್ಕದ ಊರಿನ ಶಾಲೆಯಲ್ಲಿದ್ದಳು. ಅದೇ ವಯಸ್ಸು, ಅದೇ ತರಗತಿ, ಮನೆಯ ಪರಿಸ್ಥಿತಿಯೂ ಹೆಚ್ಚುಕಮ್ಮಿ ಒಂದೇ. ಅಂಕದಲ್ಲಿ ಒಂದು ಕೈ ಮೇಲೆಯೇ ಇದ್ದಳು. ಆ ಶಾಲೆಯಿಂದ ಆ ವರ್ಷ ಒಂದು ಅರ್ಜಿಯೂ ಹೋಗಲಿಲ್ಲ. ಪಿಯುಸಿ ಮುಗಿದ ಮೇಲೆ ಆಕೆ ಶಿವಮೊಗ್ಗದ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು, ಈಗಲೂ ಅಲ್ಲೇ ಇದ್ದಾಳೆ. ಇಬ್ಬರ ನಡುವಿನ ವ್ಯತ್ಯಾಸ ಪೂರ್ತಿ ಒಂದು ಅರ್ಜಿಯಿಂದ ಬಂತು ಎಂದು ನಾನು ಹೇಳುವುದಿಲ್ಲ. ಆದರೆ ಆ ಅರ್ಜಿಯನ್ನು ಬಿಟ್ಟು ಈ ಕತೆ ಹೇಳುವುದಕ್ಕೂ ಬರುವುದಿಲ್ಲ.

ಹಣ ಸಮಯಕ್ಕೆ ಬರಲಿಲ್ಲ. ಹೈಸ್ಕೂಲಿನ ಎರಡೂ ವರ್ಷದ್ದು ಸೇರಿ 12 ಸಾವಿರ ಒಟ್ಟಿಗೆ ಜಮೆಯಾದಾಗ ಅವಳು ಪ್ರಥಮ ಪಿಯುಸಿಯಲ್ಲಿದ್ದಳು. ಅದರಲ್ಲಿ ಸುಮಾರು ಅರ್ಧ ಮನೆಯ ಹೆಂಚಿಗೆ ಹೋಯಿತು. ಓದಿನ ಹಣ ಹೆಂಚಿಗೆ ಹಾಕಿದರು ಎಂದು ಮೂಗು ಮುರಿಯುವವರಿದ್ದಾರೆ. ಸೋರುವ ಮನೆಯಲ್ಲಿ ಪುಸ್ತಕ ಎಲ್ಲಿ ಇಡುವುದು? ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆದರೆ ಆ ಪಾಸ್‌ಬುಕ್ಕಿನಿಂದ ಬೇರೊಂದು ಕೆಲಸ ಆಯಿತು. 2014ರಲ್ಲಿ ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ಮದುವೆಯ ಮಾತು ಶುರುವಾಗಿತ್ತು. ಅತ್ತೆ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಅಪ್ಪ ಜಾಸ್ತಿ ಮಾತಾಡುವವರಲ್ಲ. 'ಅವಳ ಖರ್ಚು ಅವಳಿಗೇ ಬರ್ತಾ ಇದೆ, ಓದ್ಲಿ ಬಿಡಿ' ಎಂದರಂತೆ. ಹೆಣ್ಣುಮಕ್ಕಳ ಓದಿನ ಬಗ್ಗೆ ಅಪ್ಪನಿಗೆ ದೊಡ್ಡ ತತ್ವವೇನೂ ಇರಲಿಲ್ಲ. ನೆಂಟರ ಬಾಯಿ ಮುಚ್ಚಿಸಲು ಒಂದು ಕಾರಣ ಬೇಕಿತ್ತು. ಸ್ಕಾಲರ್‌ಶಿಪ್ ಆ ಕಾರಣ ಕೊಟ್ಟಿತು.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡಬೇಕು, ಆಗ ಅದರ ಬೆಲೆ ಯಾರಿಗೂ ತಿಳಿದಿರಲಿಲ್ಲ. ಹೈಸ್ಕೂಲಿಗೆ ಹೊಸನಗರ ಪೇಟೆಗೆ ಕಳಿಸಿ ಎಂದು ಕೆಲವರು ಹೇಳಿದ್ದರು. ಬಸ್ಸಿನ ಖರ್ಚಿಗೆ ಹೆದರಿ ಹೋಬಳಿಯ ಹಳ್ಳಿ ಹೈಸ್ಕೂಲಿಗೇ ಹಾಕಿದರು. ಕರ್ನಾಟಕದಲ್ಲಿ ಸರ್ಕಾರಿ ನೇಮಕಾತಿಗೆ ಗ್ರಾಮೀಣ ಅಭ್ಯರ್ಥಿಗಳ ಮೀಸಲು ಇದೆ, ಶೇ. 25. ಅದು ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೂ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹೊಸನಗರ ಪಟ್ಟಣ ಪಂಚಾಯಿತಿ. ಅಲ್ಲಿ ಓದಿದ್ದರೆ ಆ ಮೀಸಲು ಕೈತಪ್ಪುತ್ತಿತ್ತು. ಬಡತನದಿಂದ ಆದ ಒಂದೇ ಲಾಭ ಇದು ಎಂದು ಅವಳೇ ನಗುತ್ತಾಳೆ.

ಶಿವಮೊಗ್ಗದ ರೂಮು

ಪಿಯುಸಿಯಲ್ಲಿ ಕಲೆ ತೆಗೆದುಕೊಂಡಿದ್ದಳು. ಹತ್ತಿರದಲ್ಲಿ ವಿಜ್ಞಾನ ಇರಲಿಲ್ಲ, ಅಷ್ಟೇ ಕಾರಣ. ಬಿ.ಎ.ಗೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೆ ಸೇರಿದಳು. ಕುವೆಂಪು ವಿಶ್ವವಿದ್ಯಾಲಯದ ಘಟಕ ಕಾಲೇಜು, ಶುಲ್ಕದ ಚಿಂತೆ ಅಷ್ಟಿರಲಿಲ್ಲ. ಉಳಿಯುವುದು ಎಲ್ಲಿ, ಊಟ ಏನು ಎಂಬುದೇ ಪ್ರಶ್ನೆ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿದಳು, ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗಾಗಿಯೇ ಆಗಷ್ಟೇ ಬಂದಿತ್ತು ವಿದ್ಯಾಸಿರಿ. ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ವರ್ಷಕ್ಕೆ 15 ಸಾವಿರ. ಅವಳು ಪ್ರವರ್ಗ 2ಎ. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ತಂದು ಅರ್ಜಿ ಹಾಕಿದಳು. ಬ್ಯಾಂಕಿನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇಲ್ಲ, ಅಂಕಪಟ್ಟಿಯಲ್ಲಿ ಇದೆ ಎಂದು ಅರ್ಜಿ ಒಮ್ಮೆ ವಾಪಸ್ ಬಂತು. ಸರಿಪಡಿಸಿ ಮತ್ತೆ ಹಾಕಿದಳು. ಮೊದಲ ವರ್ಷದ ಹಣ ಖಾತೆಗೆ ಬಿದ್ದದ್ದು ಮಾರ್ಚ್‌ನಲ್ಲಿ. ಜುಲೈನಿಂದ ಮಾರ್ಚ್‌ವರೆಗೆ ಬಾಡಿಗೆ ಕಟ್ಟಿದ್ದು ಯಾರು?

ಅಮ್ಮನ ಸ್ವಸಹಾಯ ಸಂಘ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಇದೇ. ಅಮ್ಮ 10 ಸಾವಿರ ಸಾಲ ಕೇಳಿದರು. ಸುಗ್ಗಿಗೆ ಇನ್ನೂ ನಾಲ್ಕು ತಿಂಗಳು, ವಾರದ ಕಂತು ಹೇಗೆ ಕಟ್ಟುತ್ತೀ ಎಂದು ಸಂಘದವರು ಕೇಳಿದರು. ಅಮ್ಮ ವಿದ್ಯಾಸಿರಿ ಅರ್ಜಿಯ ಸ್ವೀಕೃತಿ ಚೀಟಿ ತೋರಿಸಿದರು. ಓದಲು ಬಾರದ ಹೆಂಗಸು, ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದರು. ಇದು ಬಂದಾಗ ಅಸಲು ತೀರಿಸುತ್ತೇನೆ, ಅಲ್ಲಿಯವರೆಗೆ ಸಣ್ಣ ಕಂತು ಕಟ್ಟುತ್ತೇನೆ ಎಂದರು. ಸಂಘ ಒಪ್ಪಿತು. ಮಾರ್ಚ್‌ನಲ್ಲಿ ಹಣ ಬಂದಾಗ ಮೊದಲು ಹೋದದ್ದು ಸಂಘಕ್ಕೆ. ಮುಂದಿನ ಎರಡು ವರ್ಷವೂ ಹೀಗೇ ನಡೆಯಿತು.

ಅಂದರೆ ವಿದ್ಯಾಸಿರಿ ಅವಳಿಗೆ ಊಟ ಹಾಕಲಿಲ್ಲ. ಊಟಕ್ಕೆ ಮಾಡಿದ ಸಾಲಕ್ಕೆ ಜಾಮೀನು ನಿಂತಿತು. ಮಗಳ ಹೆಸರಿನಲ್ಲಿ ಸರ್ಕಾರದ ಹಣ ಬರುವುದು ಖಾತ್ರಿ ಎಂಬ ನಂಬಿಕೆ ಊರಿನಲ್ಲಿ ಹುಟ್ಟಿದ್ದರಿಂದ ಸಾಲ ಹುಟ್ಟಿತು. ಬಡ್ಡಿ ಲೆಕ್ಕ ಹಾಕಿದರೆ 15 ಸಾವಿರದಲ್ಲಿ ಒಂದು ಪಾಲು ಕರಗಿಹೋಗಿದೆ. ಅದೇ 15 ಸಾವಿರದ ಅರ್ಧ ಜುಲೈನಲ್ಲಿ ಬಂದಿದ್ದರೆ ಸಾಲವೇ ಬೇಕಿರಲಿಲ್ಲ. ಮೊತ್ತ ಏರಿಸಿ ಎಂದು ಎಲ್ಲರೂ ಕೇಳುತ್ತಾರೆ, ಏರಿಸಲಿ. ಮೊದಲ ಕಂತನ್ನು ಪ್ರವೇಶದ ದಿನವೇ ಕೊಡಿ ಎಂದು ಕೇಳುವವರು ಕಡಿಮೆ.

ರೂಮಿನಲ್ಲಿ ನಾಲ್ವರು ಹುಡುಗಿಯರು. ಅಕ್ಕಿ, ಮಾವಿನಮಿಡಿ ಉಪ್ಪಿನಕಾಯಿ ಮನೆಯಿಂದ. ಗ್ಯಾಸು, ತರಕಾರಿ ಪಾಲು. ದಸರಾ ರಜೆ ಬಂತೆಂದರೆ ಊರಿಗೆ ಹೋಗಿ ಅಮ್ಮನ ಪಕ್ಕದಲ್ಲಿ ಅಡಿಕೆ ಸುಲಿದು ಮುಂದಿನ ಎರಡು ತಿಂಗಳ ಬಸ್ ಚಾರ್ಜು ಮಾಡಿಕೊಳ್ಳುತ್ತಿದ್ದಳು.

ಬಿ.ಎಡ್: ಶುಲ್ಕಕ್ಕಿದೆ, ಸೀರೆಗಿಲ್ಲ

2017ರಲ್ಲಿ ಬಿ.ಎಡ್ ಸೇರಿದಳು. ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ನಂತರ ಬಿ.ಎಡ್ ಎರಡು ವರ್ಷದ ಕೋರ್ಸ್ ಆಗಿದೆ, ಅದಕ್ಕೂ ಮುಂಚೆ ಒಂದೇ ವರ್ಷ ಇತ್ತು. ತರಬೇತಿ ಗಟ್ಟಿಯಾಗಬೇಕು ಎನ್ನುವ ವಾದ ಸರಿಯೇ. ಶಾಲೆಯಲ್ಲಿ ತಿಂಗಳುಗಟ್ಟಲೆ ನಿಂತು ಪಾಠ ಮಾಡಿದ್ದರಿಂದ ತುಂಬ ಕಲಿತೆ ಎಂದು ಅವಳೂ ಹೇಳುತ್ತಾಳೆ. ಆದರೆ ಇಂಥ ಮನೆಗೆ ಒಂದು ವರ್ಷ ಹೆಚ್ಚು ಓದುವುದೆಂದರೆ ಒಂದು ವರ್ಷದ ದುಡಿಮೆ ಹೋದ ಹಾಗೆ. ಅದನ್ನು ಯಾವ ಸ್ಕಾಲರ್‌ಶಿಪ್ಪೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಸೀಟು ಸಿಕ್ಕಿದ್ದು ಖಾಸಗಿ ಕಾಲೇಜಿನಲ್ಲಿ, ಸರ್ಕಾರಿ ಕೋಟಾದಡಿ. ಶುಲ್ಕ ವಿನಾಯಿತಿ ಇದೆ ಎಂದು ಹೇಳಿದರೂ ಕಾಲೇಜಿನವರು ಕೇಳಲಿಲ್ಲ. 'ಈಗ ಪೂರ್ತಿ ಕಟ್ಟಿ, ಸರ್ಕಾರದಿಂದ ಬಂದಾಗ ನೀವೇ ತಗೊಳ್ಳಿ' ಎಂದರು. ಹಿಂದಿನ ಸಾಲ ಪೂರ್ತಿ ತೀರಿರಲಿಲ್ಲ, ಸಂಘ ಮತ್ತೆ ಕೊಡುವ ಹಾಗಿರಲಿಲ್ಲ. ಅಪ್ಪ ಕೊನೆ ಕೊಯ್ಯುವ ತೋಟದ ಯಜಮಾನರ ಹತ್ತಿರ ಹೋದರು. ಅವರು ಕೊಟ್ಟರು, ಆದರೆ ಮುಂಗಡ ಎಂದು. ಆ ವರ್ಷದ ಸುಗ್ಗಿ ಪೂರ್ತಿ ಅವರ ತೋಟದಲ್ಲೇ ಕೆಲಸ. ಬೇರೆ ಕಡೆ ಕೂಲಿ ಜಾಸ್ತಿ ಸಿಕ್ಕರೂ ಹೋಗುವ ಹಾಗಿಲ್ಲ. ಮಗಳ ಬಿ.ಎಡ್ ಸೀಟಿಗೆ ಅಪ್ಪನ ಒಂದು ಸುಗ್ಗಿ ಒತ್ತೆ ಬಿತ್ತು. ಶುಲ್ಕದ ಹಣ ವಾಪಸ್ ಬರುವ ಹೊತ್ತಿಗೆ ಸುಗ್ಗಿ ಮುಗಿದಿತ್ತು.

ಇನ್ನು ಚಿಲ್ಲರೆ ಖರ್ಚು. ಬಿ.ಎಡ್ ಮಾಡಿದವರಿಗೆ ಗೊತ್ತು. ಯೂನಿಫಾರ್ಮ್ ಸೀರೆ, ಪಾಠಯೋಜನೆ ಬರೆಯುವ ರೆಕಾರ್ಡುಗಳು, ಚಾರ್ಟ್, ಮಾದರಿಗಳು, ಜೆರಾಕ್ಸ್. ಇಂಟರ್ನ್‌ಶಿಪ್ಪಿಗೆ ಕೊಟ್ಟ ಶಾಲೆ ರೂಮಿನಿಂದ ದೂರ, ದಿನವೂ ಖಾಸಗಿ ಬಸ್ಸು. ಚಾರ್ಟಿಗೆ ಅವಳು ಹಳೆಯ ಕ್ಯಾಲೆಂಡರಿನ ಹಿಂಬದಿ ಬಳಸುತ್ತಿದ್ದಳು. ಒಬ್ಬ ಉಪನ್ಯಾಸಕಿ ಅದನ್ನು ತರಗತಿಯಲ್ಲಿ ಎತ್ತಿ ತೋರಿಸಿ ಹೊಗಳಿದರಂತೆ. ಹೊಗಳಿಕೆ ಅವಳಿಗೆ ಹಿಡಿಸಲಿಲ್ಲ. ದುಡ್ಡಿಲ್ಲ ಎಂಬುದನ್ನು ಎಲ್ಲರ ಮುಂದೆ ಹೇಳಿದ ಹಾಗಾಯಿತು ಎಂದಳು.

ಎನ್‌ಎಂಎಂಎಸ್ ನಾಲ್ಕು ವರ್ಷ 24 ಸಾವಿರ, ಬಿ.ಎ.ಯಲ್ಲಿ ವಿದ್ಯಾಸಿರಿ 45 ಸಾವಿರ, ಬಿ.ಎಡ್‌ನಲ್ಲಿ 30 ಸಾವಿರ. 99 ಸಾವಿರದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. 2019ರಲ್ಲಿ ಬಿ.ಎಡ್ ಮುಗಿಯಿತು. ಶಿಕ್ಷಕಿ ಆಗಲಿಲ್ಲ.

ಯಾವ ಯೋಜನೆಯೂ ಇಲ್ಲದ ನಾಲ್ಕು ವರ್ಷ

ಬಿ.ಎಡ್ ಮುಗಿದರೆ ಕೆಲಸ ಸಿಗುತ್ತದೆ ಎಂದು ಊರಲ್ಲಿ ಎಲ್ಲರೂ ತಿಳಿದಿದ್ದರು. ಆರರಿಂದ ಎಂಟನೇ ತರಗತಿಗೆ ಸರ್ಕಾರಿ ಶಿಕ್ಷಕಿಯಾಗಲು ಪದವಿ, ಬಿ.ಎಡ್ ಇದ್ದರೆ ಸಾಲದು. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. 150 ಅಂಕದ ಪರೀಕ್ಷೆ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇ. 55 ಸಾಕು. ಉಳಿದವರಿಗೆ ಶೇ. 60, ಅಂದರೆ 90 ಅಂಕ. 2ಎ ಕೂಡ ಉಳಿದವರಲ್ಲೇ ಸೇರುತ್ತದೆ. ಅದಾದ ಮೇಲೆ ಸರ್ಕಾರ ನೇಮಕಾತಿ ಕರೆಯಬೇಕು. ಯಾವಾಗ ಕರೆಯುತ್ತದೆ? ಅದಕ್ಕೆ ಕ್ಯಾಲೆಂಡರ್ ಇಲ್ಲ.

2019ರ ಜೂನ್‌ನಿಂದ ಅತಿಥಿ ಶಿಕ್ಷಕಿಯಾದಳು. ತಿಂಗಳಿಗೆ 7,500 ರೂಪಾಯಿ. ಅದೂ ತಿಂಗಳಿಗೆ ಸರಿಯಾಗಿ ಬರುತ್ತಿರಲಿಲ್ಲ, ಕೂಡಿಕೊಂಡು ಬರುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದವು. ಕೆಲಸವೂ ಹೋಯಿತು, ಗೌರವಧನವೂ ನಿಂತಿತು. ಶಿವಮೊಗ್ಗದ ರೂಮು ಬಿಟ್ಟು ಊರಿಗೆ ಬಂದಳು. ಊರಲ್ಲಿ ನೆಟ್‌ವರ್ಕ್ ಇಲ್ಲ. ಆನ್‌ಲೈನ್ ತರಗತಿ ಕೇಳಲು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದು ಆಗ ಪತ್ರಿಕೆಗಳಲ್ಲಿ ಬರುತ್ತಿತ್ತಲ್ಲ, ಇವಳೂ ಹತ್ತಿದ್ದಳು, ಟಿಇಟಿ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿಕೊಳ್ಳಲು.

2020ರ ಅಕ್ಟೋಬರ್‌ನ ಟಿಇಟಿಯಲ್ಲಿ 86 ಬಂತು. ನಾಲ್ಕು ಅಂಕ ಕಡಿಮೆ. ಆ ಸುಗ್ಗಿ ಪೂರ್ತಿ ಅಮ್ಮನ ಜೊತೆ ಅಡಿಕೆ ಸುಲಿದಳು. ಎರಡು ಡಿಗ್ರಿ ಮಾಡಿದವಳು ಮೆಟ್ಟುಗತ್ತಿ ಮುಂದೆ ಕೂತಿದ್ದಾಳೆ ಎಂದು ಆಡಿಕೊಂಡವರೂ ಇದ್ದರು. ಮದುವೆ ಮಾತು ಮತ್ತೆ ಬಂತು. ಈ ಸಲ ಅಪ್ಪನ ಹತ್ತಿರ ಹೇಳಲು ಏನೂ ಇರಲಿಲ್ಲ. ಪಾಸ್‌ಬುಕ್ಕಿಗೆ ಏನೂ ಬರುತ್ತಿರಲಿಲ್ಲ.

ಸ್ಕಾಲರ್‌ಶಿಪ್‌ಗಳ ಬಗ್ಗೆ ಬರೆಯುವವರು ಬಿ.ಎಡ್ ಮುಗಿದ ಕೂಡಲೇ ಕತೆ ಮುಗಿಸುತ್ತಾರೆ. ಬಡ ಮನೆಯ ಹುಡುಗಿಯರು ಈ ದಾರಿ ಬಿಡುವುದು ಹೆಚ್ಚಾಗಿ ಬಿ.ಎಡ್ ಆದ ಮೇಲೆ. ಅವಳ ರೂಮಿನ ಉಳಿದ ಮೂವರಲ್ಲಿ ಇಬ್ಬರು ಬಿ.ಎಡ್ ಮಾಡಿದ್ದರು. ಒಬ್ಬಳು ಮದುವೆಯಾಗಿ ನಿಲ್ಲಿಸಿದಳು. ಇನ್ನೊಬ್ಬಳು ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ಸೇರಿ ಅಲ್ಲೇ ಉಳಿದಳು. ಇಬ್ಬರಿಗೂ ಸರ್ಕಾರ ಹಣ ಹಾಕಿತ್ತು. ಅಷ್ಟೆಲ್ಲ ಖರ್ಚು ಮಾಡಿ, ಇನ್ನೇನು ದಡ ಸೇರಬೇಕು ಎನ್ನುವಾಗ ಕೈಬಿಟ್ಟ ಹಾಗೆ. ಪದವಿಗೆ ಕೊಡುವ ವಿದ್ಯಾಸಿರಿ ಹಣವನ್ನೇ ಟಿಇಟಿ ಬರೆಯುವ ಒಂದು ವರ್ಷಕ್ಕೂ ಕೊಟ್ಟರೆ ಎಷ್ಟು ಜನ ಉಳಿಯುತ್ತಾರೋ ನೋಡಬೇಕು. ಅದೂ ಬೇಡ, ಅತಿಥಿ ಶಿಕ್ಷಕರ ಗೌರವಧನವನ್ನು ತಿಂಗಳ ಮೊದಲ ವಾರದಲ್ಲಿ ಕೊಟ್ಟರೂ ಸಾಕು.

ಅವಳು ಉಳಿದದ್ದು ಹೇಗೆ ಎಂದು ಕೇಳಿದರೆ ನೇರ ಉತ್ತರ ಇಲ್ಲ. ಅಮ್ಮ ಹಟ ಹಿಡಿದರು. ತೋಟದ ಯಜಮಾನರು ತಮ್ಮ ಮೊಮ್ಮಕ್ಕಳಿಗೆ ಪಾಠ ಹೇಳಿಸಿ ತಿಂಗಳಿಗೆ ಇಷ್ಟು ಎಂದು ಕೊಟ್ಟರು, ಹಿಂದೆ ಸುಗ್ಗಿ ಒತ್ತೆ ಇಟ್ಟುಕೊಂಡವರು ಅವರೇ. 2021ರ ಆಗಸ್ಟ್‌ನ ಟಿಇಟಿಯಲ್ಲಿ 97 ಬಂತು. ಅದಕ್ಕೆ ಸ್ವಲ್ಪ ಮುಂಚೆ, ಜೂನ್‌ನಲ್ಲಿ, ಟಿಇಟಿ ಪ್ರಮಾಣಪತ್ರದ ಏಳು ವರ್ಷದ ಮಿತಿ ತೆಗೆದು ಜೀವನಪೂರ್ತಿ ಮಾನ್ಯ ಮಾಡಿದ್ದರು. ಅಷ್ಟರ ಮಟ್ಟಿಗೆ ನೆಮ್ಮದಿ.

2022ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆಯಿತು. ಮೇ 21 ಮತ್ತು 22ಕ್ಕೆ ಪರೀಕ್ಷೆ. ಬರೆದಳು, ಪಟ್ಟಿಯಲ್ಲಿ ಹೆಸರು ಬಂತು. ಗ್ರಾಮೀಣ ಪ್ರಮಾಣಪತ್ರಕ್ಕೆ ಹಳೆಯ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುರುಜು ಮಾಡಿಸಿಕೊಂಡಳು. ಆಮೇಲೆ ಎಲ್ಲವೂ ನಿಂತಿತು. ಮದುವೆಯಾದ ಮಹಿಳೆಯರು ಜಾತಿ-ಆದಾಯ ಪತ್ರ ಕೊಡುವಾಗ ತಂದೆಯ ಆದಾಯ ತೋರಿಸಬೇಕೋ ಗಂಡನದೋ ಎಂಬ ಜಗಳ ಹೈಕೋರ್ಟ್‌ಗೆ ಹೋಯಿತು. ಅವಳಿಗೆ ಮದುವೆಯೇ ಆಗಿರಲಿಲ್ಲ. ಆದರೂ ಪಟ್ಟಿ ಎಲ್ಲರದ್ದೂ ಒಂದೇ. ಮತ್ತೆ ಅತಿಥಿ ಶಿಕ್ಷಕಿ, ಅಷ್ಟರಲ್ಲಿ ಗೌರವಧನ 10 ಸಾವಿರ ಆಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅವಳ ದಾರಿಯಲ್ಲಿ ಓಡುವುದೆಲ್ಲ ಖಾಸಗಿ ಬಸ್ಸು, ಹಾಗಾಗಿ ಟಿಕೆಟ್ ತಪ್ಪಲಿಲ್ಲ.

ನೇಮಕಾತಿ ಆದೇಶ ಕೈಗೆ ಬಂದದ್ದು 2023ರ ಕೊನೆಗೆ. ಮೊದಲ ಸಂಬಳದಲ್ಲಿ ಸಂಘದ ಸಾಲ ಚುಕ್ತಾ ಮಾಡಿದಳು.

ತಮ್ಮ

ತಮ್ಮನ ಓದು 2021ರಲ್ಲಿ ಶುರುವಾಯಿತು, ಬಿ.ಎಸ್ಸಿ. ಆ ಹೊತ್ತಿಗೆ ವ್ಯವಸ್ಥೆ ಬದಲಾಗಿತ್ತು. ಎಲ್ಲ ಇಲಾಖೆಗಳ ಅರ್ಜಿಯೂ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಆಧಾರ್‌ಗೆ ಜೋಡಿಸಿದ ಖಾತೆಗೆ ನೇರ ಹಣ. ಎಲ್ಲಿ ನಿಂತಿದೆ ಎಂದು ಮೊಬೈಲಿನಲ್ಲೇ ನೋಡಬಹುದು, ಇದು ಒಳ್ಳೆಯದೇ. ಆದರೆ ಎನ್‌ಪಿಸಿಐ ಮ್ಯಾಪಿಂಗ್ (ನೇರ ಹಣ ಬರಲು ಬೇಕಾದ ಆಧಾರ್-ಖಾತೆ ಜೋಡಣೆ) ಆಗಿಲ್ಲ ಎಂದರೆ ಏನು ಎಂದು ಅಮ್ಮನಂಥವರಿಗೆ ಯಾರು ಹೇಳಬೇಕು? ಈಗ ಅಕ್ಕ ಇದ್ದಾಳೆ, ಅವಳೇ ನೋಡಿಕೊಂಡಳು.

ಅದೇ ವರ್ಷ ರೈತ ವಿದ್ಯಾನಿಧಿ ಬಂದಿತ್ತು. ಬಿ.ಎ., ಬಿ.ಎಸ್ಸಿ. ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5 ಸಾವಿರ, ಹೆಣ್ಣುಮಕ್ಕಳಿಗೆ 5,500. ಅದಕ್ಕೆ ಅಪ್ಪನ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ ಬೇಕು. ಫ್ರೂಟ್ಸ್ ಐಡಿಗೆ ಪಹಣಿ ಬೇಕು. ಮೂರು ತಲೆಮಾರು ಉತ್ತ ನೆಲ ಬಗರ್‌ಹುಕುಂ. ಹಾಗಾಗಿ ದಾಖಲೆಯಲ್ಲಿ ಅಪ್ಪ ರೈತನೇ ಅಲ್ಲ. ಮುಳುಗಡೆ ಊರುಗಳಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಆಮೇಲೆ ಯೋಜನೆಯನ್ನು ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿದರು, ಎರಡನೇ ವರ್ಷ ಆ ಲೆಕ್ಕದಲ್ಲಿ ಅವನಿಗೆ ಸಿಕ್ಕಿತು.

ಅಕ್ಕ ಈಗ ತನ್ನ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಶನಿವಾರ ಎನ್‌ಎಂಎಂಎಸ್ ತರಬೇತಿ ಕೊಡುತ್ತಾಳೆ. ಆದಾಯದ ಮಿತಿ ಈಗ 3.5 ಲಕ್ಷ, ಹಾಗಾಗಿ ಅವಳ ತರಗತಿಯಲ್ಲಿ ಬಹುತೇಕ ಎಲ್ಲ ಮಕ್ಕಳೂ ಬರೆಯಬಹುದು. ಅರ್ಜಿ ತುಂಬುವ ಮುಂಚೆ ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಒಂದೇ ಇದೆಯಾ ಎಂದು ಜೂನ್‌ನಲ್ಲೇ ನೋಡಿಟ್ಟುಕೊಳ್ಳುತ್ತಾಳೆ.

ತಮ್ಮ 2024ರಲ್ಲಿ ಬಿ.ಎಸ್ಸಿ. ಮುಗಿಸಿದ. ಬಿ.ಎಡ್ ಮಾಡು, ಶುಲ್ಕ ನಾನು ಕಟ್ಟುತ್ತೇನೆ ಎಂದು ಅಕ್ಕ ಹೇಳಿದಳು. ಸರ್ಕಾರಿ ಶಾಲೆಗಳಲ್ಲಿ ಗಣಿತ-ವಿಜ್ಞಾನದವರ ಕೊರತೆ ಇದೆ, ನಿನಗೆ ಬೇಗ ಸಿಗುತ್ತದೆ ಎಂದೂ ಹೇಳಿದಳು. ಅವನು ಬೇಡ ಎಂದ. ಶುಲ್ಕದ ಮಾತಲ್ಲ, 2019ರಿಂದ 2023ರವರೆಗೆ ನೀನು ಮನೆಯಲ್ಲಿ ಹೇಗಿದ್ದೆ ಅಂತ ನಾನು ನೋಡಿದ್ದೇನೆ ಎಂದ. ಈಗ ಶಿವಮೊಗ್ಗದಲ್ಲಿ ಒಂದು ಔಷಧಿ ಕಂಪನಿಯ ಮಾರಾಟ ಪ್ರತಿನಿಧಿ. ಬೈಕಿನ ಕಂತು ಕಟ್ಟುತ್ತಿದ್ದಾನೆ.